ಉದ್ಯಾವರದ ವೀರರ ಕಲ್ಲುಗಳು

ಉಡುಪಿಯಿಂದ ತೆಂಕಣಕ್ಕೆ ಹೊರಟು, ಹೊಳೆಯ ಸೇತುವೆಯನ್ನು ದಾಟಿ, ನಾವು ಉದ್ಯಾವರವನ್ನು ಸೇರಿದೆವು. ಇದೇ ಪೂರ್ವಕಾಲದ ಉದಯಪುರ. ಆಳುಪ ಅರಸರ ರಾಜಧಾನಿ. ರೋಮನರು ಬ್ರಿಟನ್ನಿನಲ್ಲಿ ಬಿಟ್ಟುಹೋದ ದಂಡಿನ ಪಾಳೆಯಗಳಲ್ಲಿ ಗೋಡೆಗಳ ತಳಪಾಯವಾದರೂ ಉಳಿದಿದೆ. ಇಲ್ಲಿ ಕೋಟೆಯನ್ನರಸಿದ ನಮ್ಮ ಕಣ್ಣಿಗೆ ಬಿದ್ದುವು ತೆಂಗಿನ ತೋಟಗಳು ಮಾತ್ರ.

ಆದರೆ ಶಂಭುಕಲ್ಲು ದೇವಾಲಯದ ಹಳಗನ್ನಡ ಶಾಸನಗಳು ಆ ಕೊರತೆಯನ್ನು ತುಂಬಿದುವು. 8ನೆಯ ಶತಮಾನದಲ್ಲಿ ರಣಸಾಗರ, ಚಿತ್ರವಾಹನ, ಶ್ವೇತವಾಹನ ಮೊದಲಾದವರ ಕಾಲದ ಕಾಳಗಗಳಲ್ಲಿ ಇಲ್ಲಿ ಕಾದಿ ಸ್ವರ್ಗವನ್ನೇರಿದ ಭಟರ ಹೆಸರುಗಳು ಅವುಗಳಲ್ಲಿವೆ. ಅದು ಒಂದೇ ಮನೆತನದ ಒಳಜಗಳವೆಂದು ವಿದ್ವಾಂಸರ ಮತ. ಹುಲ್ಟ್ಜ್ ಎಂಬ ಜರ್ಮನ್ ಪಂಡಿತರು ಇವನ್ನು ‘ಎಪಿಗ್ರಾಫಿಯಾ ಇಂಡಿಕಾ’ದ 9ನೆಯ ಸಂಪುಟದಲ್ಲಿ ಪ್ರಕಟಿಸಿದರು.

“ಕಡೆಗೆ ಗೆದ್ದವರು ಯಾರು?” ಎಂದು ನಮ್ಮೊಡನಿದ್ದ ಬಾಲಕನು ಕೇಳಿದನು.

ಏನೆಂದು ಹೇಳೋಣ? ಆಳುಪರು ಮುಂದೆ ಮಂಗಳೂರು, ಬಾರಕೂರುಗಳಿಂದ ಆಳಿದರು. ಅರಮನೆಯ ಗುರುತೊಂದೂ ನಮಗೆ ಇಲ್ಲಿ ಕಾಣಲಿಲ್ಲ. ಉಳಿದಿರುವುದು ಅನ್ನದ ಋಣಕ್ಕೆ ಪ್ರಾಣವನ್ನಿತ್ತವರ ಹೆಸರು. “ಮಗು, ಈ ಕಲ್ಲುಗಳು ಗೆದ್ದವರಿಗಾಗಿ ನಿಂತುವಲ್ಲ, ಮಡಿದವರಿಗಾಗಿ” ಎಂದೆವು.

ವಾಚಕರೇ, ನಿಮ್ಮೂರ ಗುಡಿಯ ಬಳಿ ಇಂತಹ ಕಲ್ಲೊಂದಿದ್ದರೆ ಅದರ ಮೇಲೆ ಬಟ್ಟೆಯನ್ನು ಒಗೆಯಗೊಡದಿರಿ. ಒಬ್ಬ ತಾಯಿಯ ಮಗನ ನೆನಪು ಅಲ್ಲಿದೆ.