ನಕ್ಷತ್ರಗಳ ತೊಟ್ಟಿಲು

ಸುಮಾರು ಇಪ್ಪತ್ತೈದು ವರ್ಷಗಳ ಹಿಂದಿನ ಮಾತು. ನಾನು ನಾಲ್ಕನೆಯ ತರಗತಿಗೆ ವಿಜ್ಞಾನ ಪಾಠ ಮಾಡುತ್ತಿದ್ದೆ. "ಸೂರ್ಯನೂ ಒಂದು ನಕ್ಷತ್ರ" ಎಂದು ಹೇಳಿದೆ. ಹಿಂದಿನ ಸಾಲಿನಿಂದ ಒಬ್ಬ ಹುಡುಗಿ ಎದ್ದು ನಿಂತಳು.

"ಟೀಚರ್, ನಕ್ಷತ್ರಗಳೂ ನಮ್ಮ ಹಾಗೆ ಹುಟ್ಟುತ್ತವೆಯೇ?" ಎಂದು ಕೇಳಿದಳು.

ಮಕ್ಕಳೆಲ್ಲ ನಕ್ಕರು. ನನಗೆ ಉತ್ತರ ಗೊತ್ತಿರಲಿಲ್ಲ. ಗೊತ್ತಿಲ್ಲ ಎಂದು ಹೇಳಲು ನಾಚಿಕೆಯಾಯಿತು. "ನಕ್ಷತ್ರ ಎಲ್ಲಾದರೂ ಹುಟ್ಟುತ್ತದೆಯೇ? ಸುಮ್ಮನೆ ಕುಳಿತುಕೋ" ಎಂದುಬಿಟ್ಟೆ. ಅವಳು ತಲೆ ತಗ್ಗಿಸಿ ಕುಳಿತಳು. ಆ ವರ್ಷವೆಲ್ಲ ಮತ್ತೆ ಒಂದು ಪ್ರಶ್ನೆಯನ್ನೂ ಕೇಳಲಿಲ್ಲ.

ಈಗ ಅವಳ ಮಗ ನನ್ನ ತರಗತಿಯಲ್ಲಿ ಓದುತ್ತಿದ್ದಾನೆ.

ಕಳೆದ ಜನವರಿಯಲ್ಲಿ ನನ್ನ ಹಳೆಯ ವಿದ್ಯಾರ್ಥಿಯೊಬ್ಬ ನಮ್ಮ ಊರಿಗೆ ಬಂದ. ಅವನು ಹೊಸೂರಿನ ಒಂದು ಕಾರ್ಖಾನೆಯಲ್ಲಿ ಕೆಲಸ ಮಾಡುತ್ತಾನೆ. ಬಿಡುವಿನಲ್ಲಿ ಆಕಾಶದ ಚಿತ್ರ ತೆಗೆಯುವುದು ಅವನ ಹವ್ಯಾಸ. "ಟೀಚರ್, ಹೊಸೂರಿನಲ್ಲಿ ದೀಪಗಳ ಬೆಳಕು ಹೆಚ್ಚು. ದೇಂಕನಿಕೋಟೆ ದಾಟಿ ಅಂಚೆಟ್ಟಿಯ ಕಡೆಗೆ ಬಂದರೆ ಒಳ್ಳೆಯ ಕತ್ತಲೆ ಸಿಗುತ್ತದೆ" ಎಂದ. ಅಂದು ಅಮಾವಾಸ್ಯೆ. ನಮ್ಮ ಕಡೆ ಹೊಲಗಳಿಗೆ ಆನೆಗಳು ಬರುವುದುಂಟು. ಆದ್ದರಿಂದ ಶಾಲೆಯ ತಾರಸಿಯ ಮೇಲೆಯೇ ದೂರದರ್ಶಕವನ್ನು ಇಟ್ಟೆವು. ನಾಲ್ಕೈದು ಮಕ್ಕಳು ತಂದೆಯವರೊಡನೆ ಬಂದರು. ಆ ಹುಡುಗಿಯ ಮಗನೂ ಬಂದಿದ್ದ.

ದೂರದರ್ಶಕ ದೊಡ್ಡದೇನೂ ಅಲ್ಲ. ಅದರ ಮಸೂರ ಎಂಟು ಸೆಂಟಿಮೀಟರ್ ಅಗಲವಿತ್ತು. ಭೂಮಿ ತಿರುಗುವುದರಿಂದ ನಕ್ಷತ್ರಗಳು ಪಶ್ಚಿಮಕ್ಕೆ ಸರಿದಂತೆ ಕಾಣುತ್ತವೆ. ಅವುಗಳ ಜೊತೆಯಲ್ಲೇ ದೂರದರ್ಶಕವನ್ನು ಮೆಲ್ಲಗೆ ತಿರುಗಿಸಲು ಒಂದು ಮೋಟಾರು ಇತ್ತು. ಅದನ್ನು ಸರಿಯಾಗಿ ನಿಲ್ಲಿಸಲು ಧ್ರುವ ನಕ್ಷತ್ರ ಬೇಕು. ನಮ್ಮ ಊರಿನಲ್ಲಿ ಧ್ರುವ ನಕ್ಷತ್ರ ಬಹಳ ತಗ್ಗಿನಲ್ಲಿ, ಸುಮಾರು ಹನ್ನೆರಡೂವರೆ ಡಿಗ್ರಿ ಎತ್ತರದಲ್ಲಿ ಕಾಣುತ್ತದೆ. ಹುಣಸೆಮರದ ಕೊಂಬೆಗಳ ನಡುವೆ ಅದನ್ನು ಹುಡುಕಲು ಅರ್ಧ ಗಂಟೆ ಹಿಡಿಯಿತು.

ಮಕ್ಕಳೇ, ನೀವು ಮಹಾವ್ಯಾಧನನ್ನು ನೋಡಿದ್ದೀರಾ? ಮಹಾವ್ಯಾಧ ಎಂದರೆ ದೊಡ್ಡ ಬೇಡ. ಜನವರಿಯ ರಾತ್ರಿಗಳಲ್ಲಿ ಈ ನಕ್ಷತ್ರಗಳ ಗುಂಪು ನೆತ್ತಿಯ ಹತ್ತಿರಕ್ಕೆ ಬರುತ್ತದೆ. ಸಾಲಾಗಿ ನಿಂತ ಮೂರು ನಕ್ಷತ್ರಗಳೇ ಬೇಡನ ನಡುಪಟ್ಟಿ. ಅದರಿಂದ ತೂಗುವ ಕತ್ತಿಯ ನಡುವೆ ಮಸುಕಾದ ಒಂದು ಚುಕ್ಕೆಯಿದೆ. ಅದು ನಕ್ಷತ್ರವಲ್ಲ, ನೀಹಾರಿಕೆ. ಅಂದರೆ ಅನಿಲ ಮತ್ತು ದೂಳಿನ ಬಹು ದೊಡ್ಡ ಮೋಡ.

ಹುಡುಗ ಮೊದಲು ದೂರದರ್ಶಕದಲ್ಲಿ ಕಣ್ಣಿಟ್ಟು ನೋಡಿದ. "ಒಲೆಯ ಹೊಗೆಯ ಹಾಗಿದೆ, ಅಷ್ಟೇ" ಎಂದ. ನನಗೂ ಹಾಗೆಯೇ ಕಂಡಿತು.

ಆಮೇಲೆ ದೂರದರ್ಶಕಕ್ಕೆ ಕ್ಯಾಮೆರಾ ಜೋಡಿಸಿದರು. ಒಂದೊಂದು ಚಿತ್ರಕ್ಕೆ ಒಂದು ನಿಮಿಷ. ಮೊದಲ ಚಿತ್ರಗಳಲ್ಲಿ ನಕ್ಷತ್ರಗಳೆಲ್ಲ ಗೀಟು ಗೀಟಾಗಿದ್ದವು. ಮಕ್ಕಳು ಓಡಾಡಿದಾಗ ತಾರಸಿ ಅದುರುತ್ತಿತ್ತು! ಮತ್ತೆ ಯಾರೂ ಅಲುಗಾಡಲಿಲ್ಲ. ಚಳಿಯಲ್ಲಿ ಕಂಬಳಿ ಹೊದ್ದು ಕುಳಿತೆವು. ಮಸೂರದ ಮೇಲೆ ಇಬ್ಬನಿ ಕೂತಾಗ ಬಿಸಿ ಗಾಳಿ ಊದಿ ಆರಿಸಿದೆವು. ಹೀಗೆ ನಲವತ್ತು ಚಿತ್ರಗಳಾದವು. ಅವುಗಳನ್ನು ಕಂಪ್ಯೂಟರಿನಲ್ಲಿ ಒಂದರ ಮೇಲೊಂದು ಸೇರಿಸಿದಾಗ, ಹೊಗೆಯಿದ್ದ ಜಾಗದಲ್ಲಿ ಗುಲಾಬಿ ಬಣ್ಣದ ದೊಡ್ಡ ಹೂವೊಂದು ಅರಳಿತ್ತು. ಅದು ಜಲಜನಕ ಅನಿಲದ ಬಣ್ಣ.

"ನಮಗೇಕೆ ಹೀಗೆ ಕಾಣಲಿಲ್ಲ?" ಎಂದು ಹುಡುಗ ಕೇಳಿದ. ಮಂದ ಬೆಳಕಿನಲ್ಲಿ ನಮ್ಮ ಕಣ್ಣಿಗೆ ಬಣ್ಣ ತಿಳಿಯುವುದಿಲ್ಲ. ಕಣ್ಣು ಬೆಳಕನ್ನು ಕೂಡಿಡುವುದೂ ಇಲ್ಲ. ಕ್ಯಾಮೆರಾ ಕೂಡಿಡುತ್ತದೆ. ಹನಿಹನಿಗೂಡಿದರೆ ಹಳ್ಳ ಎಂಬ ಗಾದೆ ಬೆಳಕಿಗೂ ಸಲ್ಲುತ್ತದೆ.

1880ರ ಸೆಪ್ಟೆಂಬರ್ 30ರಂದು ಅಮೆರಿಕದ ಹೆನ್ರಿ ಡ್ರೇಪರ್ ಮೊದಲ ಬಾರಿಗೆ ಈ ನೀಹಾರಿಕೆಯ ಚಿತ್ರ ತೆಗೆದರು. ಅದಕ್ಕೆ 51 ನಿಮಿಷ ಬೇಕಾಯಿತು. 1883ರಲ್ಲಿ ಇಂಗ್ಲೆಂಡಿನ ಆಂಡ್ರ್ಯೂ ಕಾಮನ್ ಎಂಬ ಹವ್ಯಾಸಿ ತೆಗೆದ ಚಿತ್ರದಲ್ಲಿ ಕಣ್ಣಿಗೆ ಕಾಣದ ನಕ್ಷತ್ರಗಳೂ ಮೂಡಿದವು.

ಹೂವಿನ ನಡುವೆ ನಾಲ್ಕು ಪುಟ್ಟ ನಕ್ಷತ್ರಗಳಿದ್ದವು. "ಇವು ಈ ಮೋಡದಲ್ಲೇ ಹುಟ್ಟಿದವು ಟೀಚರ್" ಎಂದ ನನ್ನ ವಿದ್ಯಾರ್ಥಿ. ಮೋಡ ತನ್ನದೇ ಆಕರ್ಷಣೆಯಿಂದ ಅಲ್ಲಲ್ಲಿ ಕುಗ್ಗುತ್ತದೆ. ಕುಗ್ಗಿದಷ್ಟೂ ಬಿಸಿಯಾಗುತ್ತದೆ. ಕೊನೆಗೆ ನಕ್ಷತ್ರವಾಗಿ ಬೆಳಗುತ್ತದೆ. ನಮ್ಮ ಸೂರ್ಯನ ವಯಸ್ಸು ಸುಮಾರು 460 ಕೋಟಿ ವರ್ಷ. ಈ ನಾಲ್ಕರ ವಯಸ್ಸು ಸುಮಾರು ಹತ್ತು ಲಕ್ಷ ವರ್ಷ ಮಾತ್ರ. ಸೂರ್ಯನ ಮುಂದೆ ಅವು ಹಸುಗೂಸುಗಳು!

ಆ ಬೆಳಕು ಅಲ್ಲಿಂದ ಹೊರಟು ಸುಮಾರು 1,350 ವರ್ಷಗಳಾಗಿವೆ. ಆಗ ಬಾದಾಮಿಯಲ್ಲಿ ಚಾಲುಕ್ಯರೂ ಕಂಚಿಯಲ್ಲಿ ಪಲ್ಲವರೂ ಆಳುತ್ತಿದ್ದರು.

ನಾನು ಹುಡುಗನನ್ನು ಹತ್ತಿರಕ್ಕೆ ಕರೆದೆ. "ನಾಲ್ಕನೆಯ ತರಗತಿಯಲ್ಲಿ ನಿನ್ನ ಅಮ್ಮ ಒಂದು ಪ್ರಶ್ನೆ ಕೇಳಿದ್ದಳು. ಅದು ಒಳ್ಳೆಯ ಪ್ರಶ್ನೆ. ನಕ್ಷತ್ರಗಳು ಹುಟ್ಟುತ್ತವೆ. ತಪ್ಪು ಟೀಚರದು ಎಂದು ಹೇಳು" ಎಂದೆ.

ಮರುದಿನ ಅವನು ಓಡಿ ಬಂದು, "ಅಮ್ಮ ರಾತ್ರಿ ಅಂಗಳದಲ್ಲಿ ನಿಂತು ತುಂಬ ಹೊತ್ತು ಮೇಲೆ ನೋಡುತ್ತಿದ್ದರು ಟೀಚರ್. ಆಮೇಲೆ ಇನ್ನೊಂದು ಪ್ರಶ್ನೆ ಕೇಳಿದರು. ನಕ್ಷತ್ರಗಳು ಸಾಯುತ್ತವೆಯೇ?" ಎಂದ.

ಕೃಷ್ಣಗಿರಿಯ ಪೂರ್ವಕ್ಕಿರುವ ಜವ್ವಾದಿ ಬೆಟ್ಟಗಳಲ್ಲಿ ಕಾವಲೂರು ಎಂಬ ಊರಿದೆ. ಖಗೋಳ ವಿಜ್ಞಾನಿ ವೇಣು ಬಾಪು ಅವರ ಹೆಸರಿನ ವೀಕ್ಷಣಾಲಯ ಇರುವುದು ಅಲ್ಲಿಯೇ. ಅಲ್ಲಿಯ ದೊಡ್ಡ ದೂರದರ್ಶಕದ ಕನ್ನಡಿ 2.3 ಮೀಟರ್ ಅಗಲವಿದೆ. ಈ ಬಾರಿ ನಾವು ಪ್ರವಾಸಕ್ಕೆ ಅಲ್ಲಿಗೇ ಹೋಗೋಣ ಎಂದುಕೊಂಡಿದ್ದೇವೆ. ಆ ತಾಯಿಯೂ ನಮ್ಮೊಡನೆ ಬರುತ್ತಾಳೆ.