ನೆಲಮಾಳಿಗೆಯಲ್ಲಿ ಹತ್ತು ತಗಡಿನ ಪೆಟ್ಟಿಗೆ

ತಲೆ ತಗ್ಗಿಸಿಕೊಂಡು ಇಳಿಯಿರಿ, ಇಲ್ಲಿ ಸೂರು ತಗ್ಗು. ಮೇಲೆ ಆಗಸ್ಟಿನ ಬಿಸಿಲು ಉರಿಯುತ್ತಿದೆ; ಕೆಳಗೆ ಹಸಿಮಣ್ಣು, ಬೆವರು, ಎಷ್ಟೋ ದಿನದಿಂದ ಗಾಳಿಯಾಡದ ಗೋಡೆಗಳ ಮುಗ್ಗಲು ವಾಸನೆ. ಇದು ನಾಜಿಗಳು ಯಹೂದಿಗಳನ್ನು ಕೂಡಿಹಾಕಿರುವ ವಾರ್ಸಾ ಘೆಟ್ಟೋ. ನೊವೊಲಿಪ್ಕಿ ಬೀದಿಯ 68ನೇ ನಂಬರಿನ ಶಾಲೆ. 1942ರ ಆಗಸ್ಟ್ 3, ಸಂಜೆ ನಾಲ್ಕು ಗಂಟೆ. ಪಕ್ಕದ ಬೀದಿಗೆ ಆಗಲೇ ಮುತ್ತಿಗೆ ಬಿದ್ದಿದೆ.

ನೆಲ ಅಗೆಯುತ್ತಿರುವ ಇಬ್ಬರೂ ಇನ್ನೂ ಹುಡುಗರು. ದಾವಿದ್ ಗ್ರಾಬರ್‌ಗೆ 19, ನಾಖುಮ್ ಗ್ಜಿವಾಚ್‌ಗೆ 18. ಅವರಿಗೆ ಕೆಲಸ ಹೇಳಿರುವವರು ಮೇಷ್ಟ್ರು ಇಸ್ರೇಲ್ ಲಿಖ್ಟೆನ್‌ಸ್ಟೈನ್. ಗೋಡೆಯ ಬದಿಗೆ ತಗಡಿನ ಪೆಟ್ಟಿಗೆಗಳು, ಒಟ್ಟು ಹತ್ತು. ಒಳಗೆ ದಿನಚರಿಗಳು, ರೇಷನ್ ಚೀಟಿಗಳು, ಗೋಡೆಗೆ ಹಚ್ಚುತ್ತಿದ್ದ ಪ್ರಕಟಣೆಗಳು, ಮೇಷ್ಟ್ರ ಹೆಂಡತಿ ಗೇಲಾ ಸೆಕ್ಸ್ಟೈನ್ ಬರೆದ ಚಿತ್ರಗಳು. ಮತ್ತೆ ಕಾಗದಗಳು: ಯಾರೋ ಯಾರಿಗೋ ಬರೆದ, ಮನೆಮಾತಿನ ಕಾಗದಗಳು.

ನಿಮ್ಮ ಒಳಜೇಬಿನಲ್ಲೂ ಒಂದು ಅಂಚೆ ಕಾರ್ಡಿದೆ ಎಂದುಕೊಳ್ಳಿ. ದೂರದ ಊರಿನಿಂದ ಅಕ್ಕ ಬರೆದದ್ದು. ಎಲ್ಲರೂ ಆರೋಗ್ಯ, ನೀನು ಕಳಿಸಿದ ಗಂಟು ತಲುಪಿತು. ಅದರ ಕೆಳಗೆ, ಚಿಕ್ಕಪ್ಪ ಇಲ್ಲಿ ಮದುವೆ ಮುಗಿಸಿದ, ಈಗ ನಿಮ್ಮ ಕಡೆಗೇ ಬರುತ್ತಿದ್ದಾನೆ, ನೀವು ಮನೆಯಲ್ಲಿರಬೇಡಿ. ನಿಮಗೆ ಚಿಕ್ಕಪ್ಪನೇ ಇಲ್ಲ. ಸೆನ್ಸಾರಿನವರ ಕಣ್ಣು ತಪ್ಪಿಸಲು ಜನ ಹೀಗೆ ನೆಂಟರನ್ನೂ ಮದುವೆಗಳನ್ನೂ ಹುಟ್ಟಿಸಿ ಬರೆಯುತ್ತಿದ್ದಾರೆ. ಮೊದಲ ಸಲ ಓದಿದಾಗ ಅಕ್ಕನಿಗೆ ತಲೆ ಕೆಟ್ಟಿದೆ ಅನ್ನಿಸುತ್ತದೆ. ಎರಡನೇ ಸಲ, ಮದುವೆ ಎಂದರೆ ಕೊಲೆ ಎಂದು ಹೊಳೆದು, ಹೊಟ್ಟೆಯೊಳಗೆ ಏನೋ ಕಲಸಿದಂತಾಗುತ್ತದೆ.

ಹೆಲ್ಮ್ನೊ ಎಂಬ ಕೊಲೆ ಶಿಬಿರದಲ್ಲಿ ಹೆಣ ಹೂಳುವ ಕೆಲಸಕ್ಕೆ ಹಚ್ಚಿದ್ದ ಶ್ಲಾಮೆಕ್ ಎಂಬಾತ ಈ ವರ್ಷದ ಆರಂಭದಲ್ಲಿ ಅಲ್ಲಿಂದ ತಪ್ಪಿಸಿಕೊಂಡು ವಾರ್ಸಾಗೆ ಬಂದ. ಅಲ್ಲಿ ವಿಷಾನಿಲದ ಗಾಡಿಗಳಲ್ಲಿ ಜನರನ್ನು ಕೊಲ್ಲುವುದನ್ನು ಅವನು ಹೇಳುತ್ತ ಹೋದ. ಘೆಟ್ಟೋದ ಕಥೆಯನ್ನು ಗುಟ್ಟಾಗಿ ದಾಖಲಿಸುವ ಬಳಗದ ಹೆರ್ಶ್ ವಾಸರ್ ದಂಪತಿ ಅದನ್ನು ಬರೆದುಕೊಂಡರು. ಆಮೇಲೆ ಬಳಗದವರು ಅವನನ್ನು ಜಾಮೋಶ್ಚ್ ಊರಿಗೆ ಸಾಗಿಸಿದರು. ಏಪ್ರಿಲ್‌ನಲ್ಲಿ ಅವನ ಕಾಗದ ಬಂತು: ಬೆಲ್ಜೆಕ್‌ನಲ್ಲೂ ಅದೇ ನಡೆಯುತ್ತಿದೆ ಎಂದು. ಆಮೇಲೆ ಅವನಿಂದ ಕಾಗದ ಬರಲಿಲ್ಲ.

ಹೀಗಾಗಿಯೇ ಇತಿಹಾಸಕಾರ ಇಮ್ಯಾನುಯೆಲ್ ರಿಂಗಲ್‌ಬ್ಲುಮ್ ಮತ್ತು ಅವರ ಈ ಗುಟ್ಟಿನ ಬಳಗ ಒಂದೊಂದು ಕಾರ್ಡಿಗೂ ಬೆನ್ನು ಬಿದ್ದಿರುವುದು. ಅಂಥ ಕಾಗದವನ್ನು ಕೈಯಲ್ಲೋ ಟೈಪ್‌ರೈಟರಿನಲ್ಲೋ ನಕಲು ಮಾಡಲು ಮೊನ್ನೆಮೊನ್ನೆಯವರೆಗೆ ಪುರುಸೊತ್ತಿತ್ತು. ಜುಲೈ 22ರಿಂದ ಅದೂ ಇಲ್ಲ. ದಿನವೂ ಸಾವಿರಾರು ಜನರನ್ನು ಟ್ರೆಬ್ಲಿಂಕಾ ಕೊಲೆ ಶಿಬಿರಕ್ಕೆ ಹೋಗುವ ರೈಲಿಗೆ ತುಂಬುತ್ತಿದ್ದಾರೆ. ತಾವಾಗಿಯೇ ಬಂದವರಿಗೆ ಮೂರು ಕಿಲೋ ಬ್ರೆಡ್ಡು, ಒಂದು ಕಿಲೋ ಜಾಮು. ಹಸಿದವರು ಹೋಗುತ್ತಿದ್ದಾರೆ. ಹಸಿವೆ ಗೊತ್ತಿಲ್ಲದ ನಾವು ಅವರನ್ನು ಪೆದ್ದರೆನ್ನಬಾರದು.

ಕಾರ್ಡು ಕೊಡುತ್ತೀರಾ? ಕೊಟ್ಟರೆ ಅಕ್ಕನ ಅಕ್ಷರ ಮತ್ತೆ ನಿಮ್ಮ ಕೈಗೆ ಸಿಗದು. ಇಟ್ಟುಕೊಂಡರೆ, ನಿಮ್ಮನ್ನು ಎಳೆದೊಯ್ಯುವ ದಿನ ಅದೂ ನಿಮ್ಮ ಜೇಬಿನಲ್ಲೇ ಹೋಗುತ್ತದೆ. ಒಬ್ಬರಿಗೆಂದು ಬರೆದದ್ದನ್ನು ಊರೆಲ್ಲ ಓದಲಿ ಎಂದು ಕೊಡುವುದು ಸುಲಭವಲ್ಲ. ಅಕ್ಕನನ್ನು ಕೇಳುವಂತೆಯೂ ಇಲ್ಲ. ಬೆರಳು ಕಾರ್ಡಿನ ಅಂಚನ್ನು ಬಿಡುವುದಿಲ್ಲ.

ಬೀದಿಯಲ್ಲಿ ಸೀಟಿ. ಬೂಟುಗಾಲಿನ ಸದ್ದು. ಗುದ್ದಲಿ ನಿಲ್ಲುತ್ತದೆ. ಯಾರೂ ಉಸಿರೆತ್ತುವುದಿಲ್ಲ. ಗಂಟಲಲ್ಲಿ ಧೂಳು, ಕೆಮ್ಮು ಬರುತ್ತಿದೆ, ಕೆಮ್ಮುವಂತಿಲ್ಲ. ಸದ್ದು ಹತ್ತಿರ ಬರುತ್ತದೆ. ದಾಟುತ್ತದೆ. ಮತ್ತೆ ಗುದ್ದಲಿ. ನೀವು ಕಾರ್ಡನ್ನು ಪೆಟ್ಟಿಗೆಗೆ ಹಾಕಿಬಿಡುತ್ತೀರಿ, ಯೋಚಿಸಿ ಅಲ್ಲ, ಕೈ ನಡುಗಿ.

ಹುಡುಗರೂ ತಂತಮ್ಮ ಮರಣಶಾಸನ ಬರೆದಿಟ್ಟಿದ್ದಾರೆ. ನಾಖುಮ್ ಅದರಲ್ಲಿ ತನ್ನ ಹೆಸರು ನೆನಪಿಡಿ ಎಂದು ಕೇಳಿಕೊಂಡಿದ್ದಾನೆ. ಮೇಷ್ಟ್ರು ಹೆಂಡತಿಯ ಹೆಸರನ್ನೂ 20 ತಿಂಗಳ ಮಗಳು ಮಾರ್ಗೊಲಿತಳ ಹೆಸರನ್ನೂ ಬರೆದಿದ್ದಾರೆ. ಮುಚ್ಚಳಗಳು ಕೂರುತ್ತವೆ. ನೀರು ತಡೆಯುವ ಮುಚ್ಚಳಗಳಲ್ಲ. ಅಂಥವನ್ನು ಹುಡುಕಲು ಹೊತ್ತೆಲ್ಲಿದೆ?

ಈಗ 1946ರ ಸೆಪ್ಟೆಂಬರ್ 18. ನೊವೊಲಿಪ್ಕಿ ಎಂಬ ಬೀದಿಯೇ ಇಲ್ಲ. ನಿಮ್ಮ ಕಾಲಡಿಯಲ್ಲಿ ಇಟ್ಟಿಗೆಪುಡಿಯ ದಿಬ್ಬ. ಕಣ್ಣಿಗೆ ಗುರುತಾಗಿ ನಿಂತದ್ದು ಸೇಂಟ್ ಅಗಸ್ಟಿನ್ ಚರ್ಚಿನ ಗೋಪುರವೊಂದೇ. ರಿಂಗಲ್‌ಬ್ಲುಮ್‌ರನ್ನು 1944ರಲ್ಲಿ ಹೆಂಡತಿ, ಮಗನ ಸಮೇತ ಕೊಂದಿದ್ದಾರೆ. ಮೇಷ್ಟ್ರಿಲ್ಲ, ಹುಡುಗರಿಲ್ಲ. ಆ ಬಳಗದಲ್ಲಿ ಉಳಿದದ್ದು ಮೂರೇ ಜನ. ಅವರಲ್ಲೊಬ್ಬರಾದ ರಾಖೆಲ್ ಅವರ್‌ಬಾಖ್ ಹುಡುಕಿ, ಹುಡುಕಿ ಎಂದು ಪಟ್ಟು ಹಿಡಿದಿದ್ದಾರೆ. ಅಗೆಯುತ್ತಾರೆ. ತಗಡಿಗೆ ತಾಗಿದ ಸದ್ದು.

ಮುಚ್ಚಳ ತೆಗೆದರೆ ಮೂಗಿಗೆ ಬಡಿಯುವುದು ಬೂಷ್ಟಿನ ವಾಸನೆ. ಒಳಗೆ ನೀರು ಇಳಿದಿದೆ. ಹಾಳೆಗಳು ಒಂದಕ್ಕೊಂದು ಅಂಟಿಕೊಂಡಿವೆ. ಎಳೆದರೆ ಹರಿಯುತ್ತವೆ, ಬಿಟ್ಟರೆ ಕೊಳೆಯುತ್ತವೆ. ನೀರಿಗೆ ಮಸಿ ಕದಡುತ್ತದೆ, ಪೆನ್ಸಿಲಿನ ಗೀಟು ತಡೆಯುತ್ತದೆ. ಬಡವರ ಪೆನ್ಸಿಲಿಗೆ ಆಯಸ್ಸು ಹೆಚ್ಚು. ಬಳಗ ಹೂತಿಟ್ಟ ಎರಡನೆಯ ಭಾಗ, 1950ರ ಡಿಸೆಂಬರ್‌ನಲ್ಲಿ ಸಿಗುವ ಹಾಲಿನ ಕ್ಯಾನುಗಳೆರಡು, ಇದಕ್ಕಿಂತ ಚೆನ್ನಾಗಿ ಉಳಿದಿರುತ್ತವೆ. ಮೂರನೆಯ ಭಾಗ ಇಂದಿಗೂ ಸಿಕ್ಕಿಲ್ಲ.

ಮೇಜಿನ ಮುಂದೆ ಹೆರ್ಶ್ ವಾಸರ್ ಕೂತಿದ್ದಾರೆ. ಈ ಕೈಬರಹ ಯಾರದು, ಈ ಪುಟ ಎಲ್ಲಿಂದ ಬಂದದ್ದು ಎಂದು ಗುರುತು ಹಿಡಿಯಬಲ್ಲವರು ಹೆಚ್ಚುಕಡಿಮೆ ಅವರೊಬ್ಬರೇ. ಒದ್ದೆ ಹಾಳೆಯನ್ನು ಅವರ ಮುಂದಿಡುತ್ತೀರಿ. ಅವರು ಹೆಸರು ಹೇಳಿದರೆ ಬರೆದುಕೊಳ್ಳಿ. ತಲೆಯಾಡಿಸಿದರೆ ಆ ಜಾಗ ಖಾಲಿ ಬಿಡಿ, ಮುಂದಿನ ಹಾಳೆ ಎತ್ತಿಕೊಳ್ಳಿ.