ಪ್ಯಾರಡೈಸ್‌ನಲ್ಲಿ ಇಳಿದು ಸಿಟಿಸಿಗೆ

ಹೈದರಾಬಾದಿನ ಪ್ಯಾರಡೈಸ್ ಎಂದರೆ ಹೊರಗಿನವರಿಗೆ ಬಿರಿಯಾನಿ. ನಮ್ಮಂಥ ಕಂಪ್ಯೂಟರ್ ಮಂದಿಗೆ ಅದು ಚಿನಾಯ್ ಟ್ರೇಡ್ ಸೆಂಟರಿಗೆ ಹೋಗಲು ಇಳಿಯುವ ಮೆಟ್ರೋ ಸ್ಟೇಷನ್. ಸಿಕಂದರಾಬಾದಿನ ಪಾರ್ಕ್ ಲೇನ್‌ನಲ್ಲಿರುವ ಆ ಕಟ್ಟಡವನ್ನು ಪೂರ್ತಿ ಹೆಸರು ಹಿಡಿದು ಕರೆಯುವವರು ಕಡಿಮೆ. ಸಿಟಿಸಿ ಅಂದರೆ ಸಾಕು. ಬೆಂಗಳೂರಿನವರಿಗೆ ಎಸ್.ಪಿ. ರೋಡ್ ಇದ್ದ ಹಾಗೆ.

ಹೋದ ಶನಿವಾರ ರಾಯದುರ್ಗಂನಿಂದ ನೀಲಿ ಲೈನ್ ಹಿಡಿದು ಹೊರಟಾಗ ಜೊತೆಗೆ ಅಣ್ಣನ ಮಗಳಿದ್ದಳು. ಕಲಬುರಗಿಯ ಹುಡುಗಿ, ಇಲ್ಲಿ ಬಿ.ಆರ್ಕ್ ಎರಡನೇ ವರ್ಷ. ಮೊದಲ ವರ್ಷ ಡ್ರಾಫ್ಟಿಂಗ್ ಬೋರ್ಡಿನಲ್ಲೇ ಕಳೆಯಿತು. ಈಗ ಆಟೋಕ್ಯಾಡ್, ಸ್ಕೆಚಪ್, ರೆವಿಟ್ ಶುರುವಾಗಿವೆ. ತೊಗರಿ ಮಾರಿದ ದುಡ್ಡಿನಲ್ಲಿ ಅಣ್ಣ 70,000 ಕಳಿಸಿದ್ದ. ಕಡಿಮೆ ಬಿದ್ದರೆ ನಾನು ಹಾಕುತ್ತೇನೆ ಅಂದಿದ್ದಕ್ಕೆ, "ಬ್ಯಾಡೋ, ಇಷ್ಟರಾಗೇ ಮುಗಸು" ಅಂದ. ನನ್ನ ಎಂಟೆಕ್ ಕಾಲದಲ್ಲಿ ಅವನು ಕೊಡಿಸಿದ ಕಂಪ್ಯೂಟರಿನ ಲೆಕ್ಕ ಇವತ್ತಿಗೂ ಎತ್ತಿಲ್ಲ.

ನಾನು ಮನೆಯಲ್ಲೇ ಒಂದನ್ನು ಆರಿಸಿಟ್ಟಿದ್ದೆ. ತೆಳ್ಳಗಿನದು, ಒಂದೂವರೆ ಕಿಲೋಗೂ ಕಡಿಮೆ, ದಿನವಿಡೀ ಬರುವ ಬ್ಯಾಟರಿ. ಐಟಿಯವನ ಆಯ್ಕೆ! ಅವಳು ಮೆಟ್ರೋದಲ್ಲೇ ಮೊಬೈಲ್ ತೆಗೆದು ಕಾಲೇಜು ಲ್ಯಾಬಿನ ಟಾಸ್ಕ್ ಮ್ಯಾನೇಜರ್ ಫೋಟೋ ತೋರಿಸಿದಳು.

"ಕಾಕಾ, ಎರಡಂತಸ್ತಿನ ಒಂದ್ ಮನಿ ರೆವಿಟ್‌ನಾಗ ತೆರದು, ಬಾಜೂಕ ಫೋಟೋಶಾಪ್ ಇಟ್ರ 16 ಜಿಬಿನಾಗ 14 ತುಂಬೇ ಬಿಡ್ತದ ನೋಡ್ರಿ."

ನಾನು ಆರಿಸಿದ್ದರಲ್ಲಿ ರ‍್ಯಾಮ್ ಮದರ್‌ಬೋರ್ಡಿಗೇ ಬೆಸೆದದ್ದು, ಮುಂದೆ ಹೆಚ್ಚಿಸುವಂತಿಲ್ಲ. ನಾವು ಬರೆಯುವ ಕೋಡ್ ಎಲ್ಲೋ ಸರ್ವರಿನಲ್ಲಿ ಓಡುತ್ತದೆ. ಅವಳ ಗೋಡೆ, ಕಿಟಕಿ, ಮೆಟ್ಟಿಲು ಎಲ್ಲ ಅವಳ ಮೇಜಿನ ಮೇಲೇ ನಿಲ್ಲಬೇಕು.

ಸಹೋದ್ಯೋಗಿಯೊಬ್ಬರು ಮ್ಯಾಕ್‌ಬುಕ್ ಹೇಳಿದ್ದರು. ರೆವಿಟ್ ವಿಂಡೋಸಿನದು, ಮ್ಯಾಕ್‌ಗೆ ಬರುವುದಿಲ್ಲ. ಅಲ್ಲಿಗೆ ಆ ಮಾತು ಮುಗಿಯಿತು.

ಸಿಟಿಸಿಯ ಮೊದಲ ಅಂಗಡಿಯಲ್ಲಿ ಆರ್‌ಟಿಎಕ್ಸ್ 3050 ಇದ್ದ ಎರಡು ಲ್ಯಾಪ್‌ಟಾಪ್ ಇಟ್ಟು, "ಸೇಮ್ ಕಾರ್ಡ್ ಸಾರ್" ಅಂದರು. ಸೇಮ್ ಅಲ್ಲ. ಒಂದರಲ್ಲಿ ಕಾರ್ಡಿನ ಮೆಮೊರಿ 4 ಜಿಬಿ, ಇನ್ನೊಂದರಲ್ಲಿ 6. ಅದಕ್ಕಿಂತ ದೊಡ್ಡ ಗುಟ್ಟು ವ್ಯಾಟಿನದು. ಲ್ಯಾಪ್‌ಟಾಪ್ ಕಂಪನಿ ಕಾರ್ಡಿಗೆ ಎಷ್ಟು ವಿದ್ಯುತ್ ಬಿಡುತ್ತದೋ ಅಷ್ಟು ಅದರ ಕಸುವು. ಹೆಸರು ಒಂದೇ ಇದ್ದರೂ ಒಂದು ಓಡುತ್ತದೆ, ಒಂದು ಏದುಸಿರು ಬಿಡುತ್ತದೆ. ಎನ್‌ವಿಡಿಯಾ ಕಂಟ್ರೋಲ್ ಪ್ಯಾನೆಲ್‌ನ ಸಿಸ್ಟಂ ಇನ್ಫರ್ಮೇಷನ್ ತೆರೆಸಿ ನೋಡಿ, ನಾಚಿಕೆ ಬೇಡ. ಪ್ರೊಸೆಸರಿನಲ್ಲೂ ಹೀಗೇ: ಹೆಸರಿನ ಕೊನೆಗೆ ಎಚ್ ಇರುವುದು ದುಡಿಯುವ ಎತ್ತು, ಯು ಇರುವುದು ಬ್ಯಾಟರಿ ಉಳಿಸುವ ಜಾಣ.

ಅದೇ ಅಂಗಡಿಯವರು 1,500ಕ್ಕೆ "ಎಲ್ಲಾ ಸಾಫ್ಟ್‌ವೇರ್" ಹಾಕಿಕೊಡುತ್ತೇವೆ ಅಂದರು. ಆಟೋಡೆಸ್ಕ್ ವಿದ್ಯಾರ್ಥಿಗಳಿಗೆ ಉಚಿತವಾಗಿಯೇ ಕೊಡುತ್ತದೆ, ವರ್ಷಕ್ಕೊಮ್ಮೆ ನವೀಕರಿಸಬೇಕಷ್ಟೆ. ಕಳ್ಳಪ್ರತಿಗೆ ಯಾಕೆ ದುಡ್ಡು?

ನನ್ನ ಮನಸ್ಸು ಸೋತದ್ದು ಹಳೆಯ ವರ್ಕ್‌ಸ್ಟೇಷನ್‌ಗಳ ಮುಂದೆ. ಕಂಪನಿಗಳು ಬಳಸಿ ಬಿಟ್ಟ ಪ್ರಿಸಿಷನ್, ಥಿಂಕ್‌ಪ್ಯಾಡ್. 32 ಜಿಬಿ ರ‍್ಯಾಮ್, ಬೆಲೆ ನಮ್ಮ ಬಜೆಟ್ಟಿನ ಅರ್ಧ. ನನಗಾಗಿದ್ದರೆ ಕೊಂಡೇಬಿಡುತ್ತಿದ್ದೆ. "ಇನ್ನಾ ನಾಕ್ ವರ್ಷ ಅದ ಕಾಕಾ, ಸಬ್‌ಮಿಷನ್ ಹಿಂದಿನ ರಾತ್ರಿ ಕೆಟ್ರ ಹಾಸ್ಟೆಲ್‌ನಾಗ ಯಾರಿಗ್ ಕೇಳ್ಲಿ?" ಅಂದಳು. ಗ್ಯಾರಂಟಿಯ ಬೆಲೆ ಹಾಸ್ಟೆಲ್ಲಿನಲ್ಲಿರುವವರಿಗೇ ಗೊತ್ತು.

ಕೊನೆಗೆ ಮೂರನೇ ಅಂಗಡಿ. ಎಚ್ ಸರಣಿ, 6 ಜಿಬಿಯ 3050, 16 ಜಿಬಿ ರ‍್ಯಾಮ್, ಪಕ್ಕದಲ್ಲೊಂದು ಖಾಲಿ ಸ್ಲಾಟ್. ಬೆಲೆ 71,000. ನಾನು ಬಾಯಿ ತೆರೆಯುವ ಮೊದಲೇ ಅವಳು, "ಇತ್ತಾ ನಕ್ಕೋ ಭಾಯ್, ಸೀದಾ ಬೋಲೋ" ಅಂದಳು. ಅಂಗಡಿಯವರು ನಕ್ಕು, "ಗುಲ್ಬರ್ಗಾ?" ಎಂದು ಕೇಳಿದರು. ಬಂದೇನವಾಜ್ ಉರುಸ್‌ಗೆ ಅವರ ಮನೆಯವರು ಬರುತ್ತಾರಂತೆ. ಜಿಎಸ್‌ಟಿ ಬಿಲ್ ಸಮೇತ 69,200ಕ್ಕೆ ಇಳಿಯಿತು.

ಭಾರ 2.3 ಕಿಲೋ, ಇಟ್ಟಿಗೆಯಂಥ ಚಾರ್ಜರ್ ಬೇರೆ. ಮೆಟ್ರೋದಲ್ಲಿ ಬ್ಯಾಗನ್ನು ಕೆಳಗಿಡಲೇ ಇಲ್ಲ ಅವಳು. ಅಮೀರ್‌ಪೇಟ್ ದಾಟುವಾಗ ಅಣ್ಣನ ಫೋನ್. 800 ಉಳಿದದ ಅಂದಳು. ಫೋನ್ ಇಸಕೊಂಡು, ಆ ಖಾಲಿ ಸ್ಲಾಟಿಗೆ ಇನ್ನೊಂದು 16 ಜಿಬಿ ನಾನು ಹಾಕಸ್ತೀನಿ ಅಂದೆ.

ಸ್ವಲ್ಪ ಹೊತ್ತು ಸುಮ್ಮನಿದ್ದ. "ಹಾಕಸು. ಅದೊಂದೇ ಮತ್ತ" ಅಂದ.